ಏರುಗೂಟ, ಇಳಿಗೂಟ

ಚುಕ್ಕೆಗೆ ಹೆದರುವುದನ್ನು ಕಲಿಯಿರಿ. ನಮ್ಮ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಕೆಲಸವೇನೋ ಕೇಳಲು ಸಣ್ಣದು: ಜನ ಆಡಿದ ಮಾತನ್ನು ಅವರು ಆಡಿದ ಹಾಗೆಯೇ ರೋಮನ್ ಅಕ್ಷರಗಳಲ್ಲಿ ಬೆರಳಚ್ಚು ಮಾಡುವುದು. ಇಪ್ಪತ್ತಾರು ಅಕ್ಷರಗಳಲ್ಲಿ ನಮ್ಮ ನಾಲಿಗೆಯ ಆಟ ಹಿಡಿಸುವುದಿಲ್ಲವಾದ್ದರಿಂದ ಅವಕ್ಕೆ ಗುರುತುಗಳನ್ನು ತೊಡಿಸುತ್ತೇವೆ. ತಲೆಯ ಮೇಲೆ ಗೀಟು ಬಂದರೆ ಸ್ವರ ದೀರ್ಘ. ಕಾಲ ಕೆಳಗೆ ಚುಕ್ಕೆ ಬಂದರೆ ನಾಲಿಗೆ ಹಿಂದಕ್ಕೆ ಮಡಚಿತು. ಧಾರವಾಡದ ಒಂದು ಭಾಷಾ ವಿಭಾಗಕ್ಕೆ ಬೆರಳಚ್ಚುಗಾರ್ತಿಯಾಗಿ ಸೇರಿದವಳು ಅಲ್ಲಿಂದಲೇ ನಿವೃತ್ತಳಾದೆ. ನಡುವೆ ಯಾವ ಹುದ್ದೆ ಯಾವಾಗ ಸಿಕ್ಕಿತು ಎಂಬುದರಿಂದ ನಿಮಗೇನೂ ಆಗಬೇಕಾಗಿಲ್ಲ. ಆದರೆ ಹಲ್ಲಿಯ ಪ್ರಸಂಗ ನಿಮಗೆ ಬೇಕೇ ಬೇಕು.

ನಮ್ಮದು ಹುಬ್ಬಳ್ಳಿಯ ದೇಶಪಾಂಡೆ ನಗರ. ಅಪ್ಪ ಹತ್ತಿಯ ವ್ಯಾಪಾರಿ. ಅರಳೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ ಎಳೆಯ ಉದ್ದ ಹೇಳುತ್ತಿದ್ದರು. ಮನೆಯಲ್ಲಿ ಬೆರಳಿಗೆ ಮರ್ಯಾದೆಯಿತ್ತು. ಅದಕ್ಕೇ ನಾನು ಟೈಪಿಂಗ್ ಕಲಿಯುತ್ತೇನೆಂದಾಗ ಯಾರೂ ಬೇಡವೆನ್ನಲಿಲ್ಲ. ಮೊದಲ ದಿನ ಬಸ್ಸಿಳಿದು, ಸಪ್ತಾಪುರದ ಬಾಡಿಗೆ ಕೋಣೆಗಳ ಸಾಲು ದಾಟಿ, ವಿದ್ಯಾರ್ಥಿಗಳ ಸೈಕಲ್ಲುಗಳ ನಡುವೆ ನಡೆದು ವಿಭಾಗ ಮುಟ್ಟಿದಾಗ ನನ್ನಷ್ಟು ವೇಗವಾಗಿ ಬಡಿಯುವವರು ಈ ಊರಿನಲ್ಲೇ ಇಲ್ಲ ಎಂಬ ಧಿಮಾಕು ನನಗಿತ್ತು. ಮುಖ್ಯಸ್ಥರು ಯಲವಿಗಿ ಸರ್. ತೆಳ್ಳಗಿನ ಆಳು. ಮಾತಾಡುವವರ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ರೋಮನ್ ಅಕ್ಷರಗಳಲ್ಲಿ ಬರೆದ ಒಂದು ಕೈಬರಹದ ಹಾಳೆ ಕೊಟ್ಟರು. ಹತ್ತು ನಿಮಿಷದಲ್ಲಿ ಬಡಿದು ತಂದುಕೊಟ್ಟೆ. ಚುಕ್ಕೆಗಳು ಶಾಯಿಯ ಸಿಡಿತವಿರಬೇಕೆಂದುಕೊಂಡು ಅವನ್ನೆಲ್ಲ ಬಿಟ್ಟಿದ್ದೆ.

"ಶಕುಂತಲಾಬಾಯಿ, ಇದನ್ನ ಓದ್ರಿ" ಎಂದರು.

"ನಮ್ಮ ಹಳ್ಳಿ ಭಾಳ ದೊಡ್ಡದೈತಿ" ಎಂದು ಓದಿದೆ.

"ನೀವು ಬಡದದ್ದು ಹಳ್ಳಿ ಅಲ್ರಿ, ಹಲ್ಲಿ. ನಮ್ಮ ಹಲ್ಲಿ ಭಾಳ ದೊಡ್ಡದೈತಿ. ಅಂಥಾ ಹಲ್ಲಿ ಯಾವ ಗ್ವಾಡಿ ಮ್ಯಾಲೆ ಐತಿ ತೋರಸ್ರಿ, ನಾನೂ ನೋಡ್ತೇನಿ. ಮುಂದಿಂದು?"

"ಊರ ಬಾವಿ ಹಾಳಾಗೇತಿ."

"ಹಾಲಾಗೇತಿ! ಬಾವಿ ತುಂಬ ಹಾಲ ಇದ್ದಿದ್ರ ನಾ ಇಲ್ಲಿ ಯಾಕ ನೌಕರಿ ಮಾಡ್ತಿದ್ದೆ, ಒಂದು ಡೇರಿ ಇಡ್ತಿದ್ದೆ."

ಅವರು ನಗಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕುರ್ಚಿಗೆ ಬಂದು ಕೂತಾಗ ಮೈ ಜುಮ್ಮೆಂದಿತು. ಒಂದು ಚುಕ್ಕೆ! ಅದು ಬಿದ್ದರೆ ಹಳ್ಳಿ, ಬೀಳದಿದ್ದರೆ ಹಲ್ಲಿ. ಹುಟ್ಟಿದಾಗಿನಿಂದ ಆಡುತ್ತಿದ್ದ ಭಾಷೆಯ ಒಳಗಡೆ ಇಂಥದೊಂದು ಗಡಿಯಾರದ ಯಂತ್ರವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಟೈಪ್‌ರೈಟರಿಗೆ ವಿಶೇಷವಾಗಿ ಒಂದು ಕೀಲಿ ಜೋಡಿಸಿದ್ದರು. ಅದನ್ನು ಒತ್ತಿದರೆ ಗೀಟು ಮೂಡುತ್ತಿತ್ತು, ಆದರೆ ಹಾಳೆ ಹೊತ್ತ ಗಾಡಿ ಮುಂದೆ ಸರಿಯುತ್ತಿರಲಿಲ್ಲ. ಗೀಟು ಮೊದಲು, ಅದರ ಕೆಳಗೆ ಅಕ್ಷರ ಆಮೇಲೆ. ಮೊದಲು ಟೋಪಿ, ಆಮೇಲೆ ತಲೆ. ನನ್ನ ಬೆರಳುಗಳಿಗೆ ಈ ಕ್ರಮ ಎಷ್ಟು ಅಂಟಿತೆಂದರೆ ಮನೆಯಲ್ಲಿ ಹಾಲಿಗಿಂತ ಮೊದಲೇ ಪಾತ್ರೆಯ ಮುಚ್ಚಳ ಹುಡುಕುತ್ತಿದ್ದೆ. ಅಕ್ಷರದ ಕೆಳಗಿನ ಗುರುತುಗಳನ್ನು ಮಾತ್ರ ಹಾಳೆ ತೆಗೆದ ಮೇಲೆ ಚೂಪು ನಿಬ್ಬಿನ ಪೆನ್ನಿನಿಂದ ಒಂದೊಂದಾಗಿ ಇಡಬೇಕಿತ್ತು.

ಯಲವಿಗಿ ಸರ್ ತಮ್ಮ ಜೀವಮಾನದ ಕೆಲಸವೆಂದು ಹಚ್ಚಿಕೊಂಡಿದ್ದು ಹುಬ್ಬಳ್ಳಿ ಸುತ್ತಲಿನ ಒಕ್ಕಲುತನದ ಮಾತಿನ ನಿಘಂಟು. ಅದಕ್ಕೆ ಮಾತು ಕೊಟ್ಟವರು ಹಲವರಾದರೂ ಅದರ ಜೀವ ಇದ್ದದ್ದು ಸುಳ್ಳ ಗ್ರಾಮದ ನೀಲವ್ವನಲ್ಲಿ. ಎರಿಭೂಮಿಯ ಕಪ್ಪು ಮಣ್ಣಿನಲ್ಲಿ ಜೋಳ, ಹತ್ತಿ ಬೆಳೆಯುವ ಮನೆಯಾಕೆ, ಜೊತೆಗೆ ನಾಲ್ಕು ಆಡು ಸಾಕಿದ್ದಳು. ಅಕ್ಷರ ಗೊತ್ತಿಲ್ಲ, ಆದರೆ ನೇಗಿಲಿನ ಪ್ರತಿ ಕೀಲಿಗೂ, ಮೋಡದ ಪ್ರತಿ ಬಣ್ಣಕ್ಕೂ ಅವಳ ಬಳಿ ಬೇರೆ ಬೇರೆ ಹೆಸರಿದ್ದವು. ಸರ್ ಅವಳನ್ನು ವಿಭಾಗಕ್ಕೆ ಕರೆಸಿ ತಮ್ಮ ಕುರ್ಚಿಯಲ್ಲಿ ಕೂರಿಸಿ ತಾವು ಸ್ಟೂಲಿನ ಮೇಲೆ ಕೂರುತ್ತಿದ್ದರು. ಯಾರಾದರೂ ಇದೇನೆಂದು ಕೇಳಿದರೆ, "ಊರು ಸುಳ್ಳ, ಆಕಿ ಮಾತು ಖರೇ" ಎನ್ನುತ್ತಿದ್ದರು.

ಒಂದು ಸಲ ನೀಲವ್ವ ನನ್ನ ಮೇಜಿನ ಬಳಿ ಬಂದು ನಾನು ಪೆನ್ನಿನಿಂದ ಗುರುತು ಇಡುವುದನ್ನು ಬಗ್ಗಿ ನೋಡಿದಳು.

"ಇದು ನನ್ನ ಮಾತೇನವಾ?"

"ಹೌದಬೇ, ನಿಂದ."

"ಮತ್ತ ಇಷ್ಟ ಮುಳ್ಳು ಯಾಕ ಚುಚ್ಚಾಕತ್ತಿ ಅದಕ್ಕ?"

ಹಿಂದೆ ನಿಂತಿದ್ದ ಸರ್ ಹೇಳಿದರು: "ಮುಳ್ಳಲ್ಲ ನೀಲವ್ವಾ, ಗೂಟ. ನೀ ಆಡು ಕಟ್ಟತಿಯಲ್ಲ, ಹಂಗ ನಿನ್ನ ಮಾತು ಓಡಿಹೋಗಬಾರದಂತ ಕಟ್ಟಾಕತ್ತೇವಿ."

ಅಂದಿನಿಂದ ನಮ್ಮ ವಿಭಾಗದಲ್ಲಿ ಎರಡು ಗುರುತುಗಳಿಗೆ ಆ ಹೆಸರೇ ನಿಂತಿತು. ಸ್ವರದ ಕೆಳಗೆ ಇಡುವ, ಇಂಗ್ಲಿಷಿನ ಟೀ ಅಕ್ಷರದಂಥ ಎರಡು ಪುಟ್ಟ ಗುರುತುಗಳಿವೆ. ಅಡ್ಡಗೀಟಿನ ಮೇಲೆ ಗೂಟ ನಿಂತಿದ್ದರೆ ನಾಲಿಗೆ ಕೂದಲೆಳೆಯಷ್ಟು ಮೇಲೆ ಏರಿದೆ: ಅದು ಏರುಗೂಟ. ಅಡ್ಡಗೀಟಿನಿಂದ ಗೂಟ ಕೆಳಗೆ ಇಳಿದಿದ್ದರೆ ನಾಲಿಗೆ ಅಷ್ಟೇ ಕೆಳಗಿಳಿದು ಬಾಯಿ ತುಸು ಹೆಚ್ಚು ತೆರೆದಿದೆ: ಅದು ಇಳಿಗೂಟ. ಒಂದನ್ನು ತಲೆಕೆಳಗು ಮಾಡಿದರೆ ಇನ್ನೊಂದು.

ಅವು ಯಾಕೆ ಬೇಕಾದವು ಎಂಬುದೂ ಒಂದು ತಮಾಷೆಯೇ. ಒಂದು ಮಧ್ಯಾಹ್ನ ಸರ್ ತಮ್ಮ ಕೋಣೆಯಿಂದ ಓಡಿ ಬಂದರು. ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಶಕುಂತಲಾಬಾಯಿ, ಮರಿ ಎರಡ ಅದಾವ್ರಿ! ಎರಡು!"

ನೀಲವ್ವ ಆಡಿನ ಮರಿಗಳನ್ನು ತಂದಿದ್ದಾಳೆಂದುಕೊಂಡು ನಾನು ಕಿಟಕಿಯಿಂದ ಹೊರಗೆ ನೋಡಿದೆ. ವಿಷಯ ಅದಲ್ಲ. ನಮ್ಮ ಕಡೆ 'ಮನೆ' ಎನ್ನುವುದು 'ಮನಿ' ಆಗುವ ಹಾಗೆ 'ಮರೆ' ಎನ್ನುವುದೂ 'ಮರಿ' ಆಗುತ್ತದೆ. ಹಾಗಾಗಿ ಆಡಿನ ಮರಿಯೂ ಮರಿ, ಮರೆತುಬಿಡು ಎನ್ನುವುದೂ ಮರಿ. ಬರೆದರೆ ಎರಡಕ್ಕೂ ಕೂದಲಷ್ಟೂ ಭೇದವಿಲ್ಲ. ಆದರೆ ನೀಲವ್ವನ ಬಾಯಲ್ಲಿ ಎರಡರ ಮೊದಲ ಸ್ವರ ಒಂದೇ ಅಲ್ಲ ಎಂದು ಸರ್ ಕಂಡುಕೊಂಡಿದ್ದರು. ಹೋದ 'ಎ' ತಾನಿದ್ದ ಗುರುತನ್ನು ಹಿಂದಿನ ಅಕ್ಷರದಲ್ಲಿ ಬಿಟ್ಟು ಹೋಗಿತ್ತು. ಅಂಥ ಜೋಡಿಗಳು ನಿಘಂಟಿನ ತುಂಬ ಸಿಗತೊಡಗಿದವು. ಸರ್ ಗೂಟ ಹಾಕಿದಲ್ಲಿ ನಾನು ಗೂಟ ಹಾಕಿದೆ. ಯಾವ ಮರಿಗೆ ಯಾವ ಗೂಟ ಎಂದು ಒಮ್ಮೆಯೂ ಕಿವಿಗೊಟ್ಟು ಕೇಳಲಿಲ್ಲ. ಇದನ್ನು ನೆನಪಿಡಿ, ತಪ್ಪು ಶುರುವಾದದ್ದು ಇಲ್ಲಿ.

ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ನಮ್ಮ ಗುರುತುಗಳೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಅಕ್ಷರ ಬಿಡಿಸುವ ಕಲಾವಿದರೊಬ್ಬರನ್ನು ಹಿಡಿದು ತಂದೆವು. ಅವರು ಒಂದು ವಾರ ನನ್ನ ಪಕ್ಕದಲ್ಲಿ ಕೂತು ನಮಗಾಗಿಯೇ ಒಂದು ಫಾಂಟ್ ಮಾಡಿಕೊಟ್ಟರು. ಉಪಾಯ ಸರಳ: ನಮಗೆಂದೂ ಬೇಕಾಗದ ಚಿಹ್ನೆಗಳನ್ನು ಅಳಿಸಿ ಆ ಜಾಗದಲ್ಲಿ ನಮ್ಮ ಗುರುತುಗಳನ್ನು ಬಿಡಿಸುವುದು. ಶೇಕಡಾ ಚಿಹ್ನೆಯ ಜಾಗದಲ್ಲಿ ಗೀಟು. ಜಪಾನಿನ ಯೆನ್ ಮತ್ತು ಇಂಗ್ಲೆಂಡಿನ ಪೌಂಡ್ ಚಿಹ್ನೆಗಳ ಜಾಗದಲ್ಲಿ ಎರಡು ಗೂಟ. ನನ್ನ ಬೆರಳಿಗೆ ತೊಂದರೆಯಾಗದಿರಲೆಂದು ಇಲ್ಲಿಯೂ ಗುರುತು ಮೊದಲು, ಅಕ್ಷರ ಆಮೇಲೆ. ಪರದೆಯ ಮೇಲೆ ಮೊದಲ ಸಲ ಗೂಟವಿಟ್ಟ 'ಮರಿ' ಮೂಡಿದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಪೆನ್ನು ಬೇಡ, ಶಾಯಿ ಬೇಡ!

ಆ ಸಂತೋಷದಲ್ಲಿ ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಮಾಡಿದೆ. ವಿಭಾಗ ಹೊಸ ಕಟ್ಟಡಕ್ಕೆ ಹೋಗುವಾಗ ಸಾಗಿಸುವವರು ನಿಘಂಟಿನ ಹಳೆಯ ಕಾರ್ಡುಗಳ ಪೆಟ್ಟಿಗೆಗಳನ್ನು ತೋರಿಸಿ, "ಇವನ್ನೇನ ಮಾಡೂಣ್ರಿ ಅಕ್ಕಾರ?" ಎಂದು ಕೇಳಿದರು. ಪೆನ್ನಿನಿಂದ ಗುರುತಿಟ್ಟ ಆ ಕಾರ್ಡುಗಳಿಗೆ ಗೆದ್ದಲು ಹಿಡಿಯತೊಡಗಿತ್ತು.

"ಬಿಡ್ರಿ ಅವನ್ನ. ಎಲ್ಲಾ ಕಂಪ್ಯೂಟರನ್ಯಾಗ ಐತಿ" ಎಂದೆ.

ಸರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರಿದ್ದಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಬೇರೆ ವಿಶ್ವವಿದ್ಯಾಲಯದ ಒಬ್ಬರು ವಿದ್ವಾಂಸರು ನಿಘಂಟಿನ ಒಂದು ಭಾಗ ಕೇಳಿದಾಗ ಈ-ಮೇಲಿನಲ್ಲಿ ಕಳಿಸಿದೆ. ಅವರು ಫೋನ್ ಮಾಡಿ ಬಹಳ ವಿನಯದಿಂದ ಹೇಳಿದರು: "ಮೇಡಂ, ನಿಮ್ಮ ಸುಳ್ಳದ ಹೆಣ್ಣುಮಗಳು ಪ್ರತಿ ಮಾತಿಗೂ ಪೌಂಡು, ಯೆನ್ನು ಅಂತಿದ್ದಾಳಲ್ಲ?" ನಮ್ಮ ಫಾಂಟ್ ಅವರ ಬಳಿ ಇರಲಿಲ್ಲ. ಆಗಲೇ ನನಗೆ ಎಚ್ಚರವಾಗಬೇಕಿತ್ತು. ಕಂಪ್ಯೂಟರಿನಲ್ಲಿ ಇದ್ದದ್ದು ನಮ್ಮ ಗುರುತುಗಳಲ್ಲ, ಅವುಗಳ ವೇಷ ತೊಟ್ಟ ಯೆನ್ನು, ಪೌಂಡು. ವೇಷ ಕಳಚಿದರೆ ಒಳಗೆ ನಮ್ಮವರು ಯಾರೂ ಇಲ್ಲ.

ಯಲವಿಗಿ ಸರ್ ಪುಸ್ತಕ ನೋಡದೆಯೇ ತೀರಿಕೊಂಡರು. ನಿಘಂಟು ಕೆಲವು ವರ್ಷ ಹಾಗೆಯೇ ಮಲಗಿತ್ತು. ನನ್ನ ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿದ್ದಾಗ ರೇಷ್ಮಾ ವಿಭಾಗಕ್ಕೆ ಸಹಾಯಕ ಪ್ರಾಧ್ಯಾಪಕಿಯಾಗಿ ಬಂದಳು. ಬಳ್ಳಾರಿಯವಳು, ಮೂವತ್ತರ ಆಸುಪಾಸು, ಒಂದು ಕೆಲಸ ಹಿಡಿದರೆ ಚಹ ಮರೆಯುವವಳು. ಸರ್ ಅವರ ನಿಘಂಟನ್ನು ಹೊರತರುತ್ತೇನೆಂದು ಹಟ ತೊಟ್ಟಳು. ಫೈಲು ತೆರೆದಳು. ಪರದೆಯ ತುಂಬ ಶೇಕಡಾ, ಯೆನ್ನು, ಪೌಂಡು! ಹಳೆಯ ಯಂತ್ರ ಎಂದೋ ಕೆಟ್ಟಿತ್ತು, ಅದರೊಂದಿಗೆ ಫಾಂಟೂ ಹೋಗಿತ್ತು. ಮಾಡಿಕೊಟ್ಟ ಕಲಾವಿದರು ಊರು ಬಿಟ್ಟಿದ್ದರು.

ನಾನು ಗಾಬರಿಯಾದೆ. ರೇಷ್ಮಾಳಿಗೆ ಹಬ್ಬ ಬಂದಂತಾಯಿತು. "ಮೇಡಂ, ಈಗ ಯೂನಿಕೋಡ್ ಐತೆ. ಒಂದೊಂದು ಗುರುತಿಗೂ ಜಗತ್ತಿಗೆಲ್ಲ ಒಂದೇ ಖಾಯಂ ನಂಬರು. ಏರುಗೂಟಕ್ಕೊಂದು, ಇಳಿಗೂಟಕ್ಕೊಂದು. ಯಾವ ಊರಾಗ ತೆಗೆದ್ರೂ ಗೂಟ ಗೂಟನೇ. ಯಾವ ಚಿಹ್ನೆ ಯಾವ ಗುರುತಾಗಿತ್ತು ಅಂತ ನೀವು ಹೇಳ್ರಿ, ನಾನು ಬದಲಿ ಮಾಡ್ತೀನಿ."

ಗೂಟಗಳೆರಡನ್ನು ಕೊನೆಗಿಟ್ಟು ಮಿಕ್ಕದ್ದನ್ನೆಲ್ಲ ನಾನು ಹೇಳಿದೆ, ಅವಳು ಬದಲಿಸಿದಳು. ಮೊದಲ ಪುಟ ನೋಡಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಎಲ್ಲ ಗುರುತುಗಳೂ ಒಂದು ಅಕ್ಷರ ಹಿಂದೆ ಸರಿದು, ಒಬ್ಬರ ಟೋಪಿ ಇನ್ನೊಬ್ಬರ ತಲೆಗೆ ಹೋಗಿತ್ತು. ನನ್ನ ಬೆರಳುಗಳು ಟೈಪ್‌ರೈಟರಿನಿಂದ ಕಲಿತದ್ದು ಗುರುತು ಮೊದಲು, ಅಕ್ಷರ ಆಮೇಲೆ. ಯೂನಿಕೋಡಿನಲ್ಲಿ ಅಕ್ಷರ ಮೊದಲು, ಗುರುತು ಆಮೇಲೆ. ಗುರುತು ಯಾವಾಗಲೂ ತನ್ನ ಹಿಂದಿನವರನ್ನೇ ಹತ್ತುತ್ತದೆ. ರೇಷ್ಮಾ ಕ್ರಮ ತಿರುಗಿಸುವ ನಾಲ್ಕು ಸಾಲಿನ ಆಜ್ಞೆ ಬರೆದು ಗುಂಡಿ ಒತ್ತಿದಳು. ಸಾವಿರಾರು ಟೋಪಿಗಳು ಒಂದೇ ಕ್ಷಣದಲ್ಲಿ ತಮ್ಮ ತಮ್ಮ ತಲೆಗೆ ಹಾರಿ ಕೂತವು. ಅದನ್ನು ನೋಡಬೇಕಿತ್ತು ನೀವು!

ಇನ್ನೊಂದು ದಿನ ಇನ್ನೊಂದು ಮಾಯೆ. 'ಹಾಲು' ಎಂದು ಹುಡುಕಿದರೆ ಕಂಪ್ಯೂಟರ್ ಅರ್ಧಕ್ಕರ್ಧ ಮಾತ್ರ ಹುಡುಕಿ ಕೊಡುತ್ತಿತ್ತು. ಕಣ್ಣೆದುರಿಗೇ ಇದ್ದ ಹಾಲನ್ನು ಇಲ್ಲವೆನ್ನುತ್ತಿತ್ತು. ಗೀಟಿರುವ ದೀರ್ಘಾಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಗೀಟು ಸೇರಿಯೇ ಹುಟ್ಟಿದ ಒಂದು ಅಕ್ಷರ, ಇಲ್ಲವೇ ಅಕ್ಷರದ ಬೆನ್ನಿಗೆ ಪ್ರತ್ಯೇಕವಾಗಿ ಇಟ್ಟ ಗೀಟು. ನೋಡಲು ಎರಡೂ ಒಂದೇ, ಒಳಗೆ ಬೇರೆ. ಪುಟಗಳನ್ನು ತಿದ್ದುವಾಗ ನಾನು ಒಂದು ಬಗೆ ಬಡಿದಿದ್ದೆ, ರೇಷ್ಮಾ ಇನ್ನೊಂದು. ಎಲ್ಲವನ್ನೂ ಒಂದೇ ಬಗೆಗೆ ತಂದೆವು. ನಿಮ್ಮ ಕಣ್ಣನ್ನು ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಕೊನೆಗೆ ಉಳಿದದ್ದು ಯೆನ್ನು ಮತ್ತು ಪೌಂಡು. ಎರಡರಲ್ಲಿ ಏರುಗೂಟ ಯಾವುದು?

"ಯೆನ್" ಎಂದೆ, ಒಂದು ಕ್ಷಣವೂ ತಡೆಯದೆ. "ಆ ಚಿಹ್ನಿ ನೋಡು, ಕೈ ಮ್ಯಾಲೆತ್ತಿದ ಮನಷ್ಯಾನಂಗ ಐತಿ. ಅದಕ್ಕ ಅದನ್ನ ಏರುಗೂಟಕ್ಕ ಇಟ್ಟಿದ್ವಿ."

ಪೆನ್ನಿನ ಗುರುತಿದ್ದ ಕಾರ್ಡುಗಳನ್ನು ನಾನೇ ಬಿಟ್ಟು ಬಂದಿದ್ದೆ. ಹಳೆಯ ಪ್ರಿಂಟು ತೆಗೆದು ನೋಡಿದೆವು. ಆಗಿನ ಪ್ರಿಂಟರಿನ ಸೂಜಿಮೊನೆಗೆ ಅಷ್ಟು ಸಣ್ಣ ಗುರುತು ಒಗ್ಗಿರಲಿಲ್ಲ. ಸ್ವರದ ಕೆಳಗೆ ಬರೀ ಮಸಿಯ ಚುಕ್ಕೆ. ಸರ್ ಅವರ ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ನಾನೇ 'ಮರಿ, ಮರಿ' ಎಂದು ಹತ್ತು ಸಲ ಅಂದು ನೋಡಿದೆ. ನಾನೂ ಇದೇ ಸೀಮೆಯವಳು. ನನ್ನ ಬಾಯಲ್ಲೂ ಆ ಭೇದ ಇರಬೇಕಿತ್ತು. ಆದರೆ ಸ್ವಂತ ಬಾಯಿಗೆ ಕಾವಲು ಕೂತ ಕೂಡಲೇ ಬಾಯಿ ನಾಟಕ ಶುರುಮಾಡುತ್ತದೆ. ಕೊನೆಗೆ ನನ್ನ ನೆನಪಿನಂತೆಯೇ ಬದಲಿಸಿ, ಪುಟ ಕಟ್ಟಿ, ಹುಬ್ಬಳ್ಳಿಯ ಅಚ್ಚುಕೂಟಕ್ಕೆ ಕಳಿಸಿದೆವು.

ಅಚ್ಚು ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ರೇಷ್ಮಾ ನನ್ನ ಮೇಜಿಗೆ ಬಂದು ನಿಂತಳು. "ಮೇಡಂ, ನೀವು ಬೇಜಾರು ಮಾಡ್ಕೋಬಾರದು. ಆ ಕೈ ಎತ್ತಿದ ಮನುಷ್ಯನ ಕಾರಣ ಭಾಳ ಚಂದ ಐತೆ. ಅಷ್ಟು ಚಂದ ಇರೋದಕ್ಕೇ ನನಗೆ ಹೆದರಿಕೆ. ನೀಲವ್ವ ಇನ್ನೂ ಇದ್ದಾರಲ್ಲ? ಒಂದ್ಸಲ ಕೇಳಿ ಬರೋಣ."

ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಗೂಟ ಹಾಕಿದವಳು ನಾನು, ನಿನ್ನೆ ಬಂದವಳು ಸಂಶಯ ಪಡುತ್ತಾಳೆ. ಆದರೂ ಅವಳ ಸ್ಕೂಟಿಯ ಹಿಂದೆ ಕೂತೆ.

ನೀಲವ್ವನಿಗೆ ಎಂಬತ್ತು ದಾಟಿತ್ತು. ಕಣ್ಣು ಮಬ್ಬಾಗಿದ್ದವು, ಧ್ವನಿ ಮಾತ್ರ ಹಾಗೆಯೇ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. "ಗೂಟದ ಬಾಯಿ ಬಂದಳಾ?" ಎಂದು ನಕ್ಕಳು. ರೇಷ್ಮಾ ರೆಕಾರ್ಡರ್ ಹಚ್ಚಿ ಪಕ್ಕದಲ್ಲಿಟ್ಟಳು.

"ಅಜ್ಜೀ, ಆಡಿನ ಮರಿ ಅನ್ರಿ."

"ಮರಿ."

"ಈಗ ಮರೆತುಬಿಡು ಅನ್ನೋ ಮರಿ ಅನ್ರಿ."

"ಮರಿ. ಎರಡೂ ಒಂದ ಅಲ್ಲೇನ? ಇಷ್ಟ ಓದಿದಾಕಿ, ಇದನ್ನ ಕೇಳಾಕ ಧಾರವಾಡದಿಂದ ಬಂದಿಯಾ?"

ಹತ್ತು ಸಲ ಕೇಳಿದೆವು, ಹತ್ತು ಸಲವೂ ಒಂದೇ ಥರ ಕೇಳಿಸಿತು. ಪ್ರಶ್ನೆಗೆ ಉತ್ತರ ಕೊಡುವಾಗ ಅವಳೂ ನನ್ನ ಹಾಗೆಯೇ ಬಾಯಿಗೆ ಕಾವಲು ಕೂತಿದ್ದಳು. ನಾನು ಸೋತು ಸೆರಗಿನಿಂದ ಮುಖ ಒರೆಸಿಕೊಂಡೆ. ರೇಷ್ಮಾಳ ಮುಖ ಬಾಡಿತ್ತು. ಹಾಗಿದ್ದರೆ ಸರ್ ಕೇಳಿದ್ದು ಬರೀ ಭ್ರಮೆಯೇ? ನಿಘಂಟಿನ ಮುಖ್ಯ ಮಾತೇ ಅದಾಗಿತ್ತಲ್ಲ!

ಅಷ್ಟರಲ್ಲಿ ನೀಲವ್ವನ ಸೊಸೆ ಬುಟ್ಟಿ ಹೊತ್ತು ಹೊಲಕ್ಕೆ ಹೊರಟಳು. ಮನೆಯ ಬದಿಯ ಬಯಲಲ್ಲಿ ಒಂದು ಆಡಿನ ಮರಿ ಬಿಸಿಲಿಗೆ ಕಟ್ಟಿಹಾಕಿದ್ದು ಒದರುತ್ತಿತ್ತು. ನೀಲವ್ವ ನಮ್ಮನ್ನು ಬಿಟ್ಟು ಅತ್ತ ತಿರುಗಿ ಗದರಿದಳು:

"ಯವ್ವಾ, ಮರಿ ಮರಿಬ್ಯಾಡ! ಬಿಸಲಾಗ ಸಾಯಾಕತ್ತೇತಿ, ನೆಳ್ಳಿಗಿ ಕಟ್ಟಿ ಹೋಗು!"

ರೇಷ್ಮಾ ನನ್ನ ಮುಂಗೈ ಹಿಡಿದಳು. ನಾನು ನೀಲವ್ವನ ಗದ್ದವನ್ನೇ ನೋಡುತ್ತಿದ್ದೆ. ಮೊದಲ ಮರಿಗೆ ಗದ್ದ ಅಲುಗಿದ್ದೇ ತಿಳಿಯಲಿಲ್ಲ. ಎರಡನೆಯದಕ್ಕೆ ಸ್ಪಷ್ಟವಾಗಿ ಕೆಳಗಿಳಿಯಿತು. ಕೇಳಿಸಿತು! ಇಷ್ಟು ವರ್ಷ ಬಡಿದು ಬಡಿದು ಸವೆಸಿದ ಆ ಭೇದ ನನ್ನ ಕಿವಿಗೆ ಅಂದು ಮೊದಲ ಸಲ ಕೇಳಿಸಿತು. ಹತ್ತಿರದ ಗುಡಿಯಲ್ಲಿ ಗಂಟೆ ಬಾರಿಸಿದಷ್ಟು ಸ್ಪಷ್ಟ! ರೇಷ್ಮಾ ರೆಕಾರ್ಡರನ್ನು ಹಿಂದಕ್ಕೆ ತಿರುಗಿಸಿ ಹಾಕಿದಳು. ಮರಿ ಮರಿಬ್ಯಾಡ. ಮತ್ತೆ ಹಾಕಿದಳು. ಮರಿ ಮರಿಬ್ಯಾಡ. ಲ್ಯಾಪ್‌ಟಾಪಿಗೆ ಜೋಡಿಸಿ ಧ್ವನಿಯ ಚಿತ್ರ ತೆಗೆದಳು; ಎರಡು ಸ್ವರಗಳ ಕಪ್ಪು ಪಟ್ಟಿಗಳು ಬೇರೆ ಬೇರೆ ಎತ್ತರದಲ್ಲಿ ನಿಂತಿದ್ದವು. ಸರ್ ಕೇಳಿದ್ದು ನಿಜ. ಸೊಸೆ ಹೊರಟಿದ್ದನ್ನು ಬಿಟ್ಟು ಬಂದು, "ಏನಾತ್ರಿ, ಯಾಕ ಕುಣ್ಯಾಕತ್ತೀರಿ?" ಎಂದು ಕೇಳಿದಳು. ನಾವಿಬ್ಬರೂ ನಿಂತಲ್ಲೇ ಕುಣಿಯುತ್ತಿದ್ದೆವು ಎಂದು ಆಗಲೇ ತಿಳಿದದ್ದು.

ಕುಣಿತ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಡಿನ ಮರಿಗೆ ಏರುಗೂಟ, ಮರೆಯುವ ಮರಿಗೆ ಇಳಿಗೂಟ. ರೇಷ್ಮಾ ಫೈಲಿನಲ್ಲಿ ಆ ಎರಡು ಪದ ತೆಗೆದಳು. ಅಚ್ಚಿಗೆ ಹೋದದ್ದು ಸರಿಯಾಗಿ ತಿರುವುಮುರುವು. ಯೆನ್ ಇಳಿಗೂಟವಾಗಿತ್ತು, ಪೌಂಡ್ ಏರುಗೂಟ. ಕೈ ಎತ್ತಿದ ಮನುಷ್ಯನ ಕಾರಣವನ್ನು ನನ್ನ ನೆನಪು ಎಲ್ಲಿಂದಲೋ ಆಮೇಲೆ ಹೊಲಿದು ತಂದಿತ್ತು. ಇಡೀ ನಿಘಂಟು, ಒಂದೊಂದು ಜೋಡಿಯೂ, ತಲೆಕೆಳಗಾಗಿ ನಿಂತಿತ್ತು. ಒಂದೆರಡು ಕಡೆ ತಪ್ಪಿದ್ದರೆ ಅಚ್ಚಿನ ದೋಷವೆನ್ನಬಹುದು. ಎಲ್ಲ ಕಡೆ ಒಂದೇ ಥರ ತಪ್ಪಿದರೆ ಓದಿದವರು ಅದನ್ನೇ ಸತ್ಯವೆನ್ನುತ್ತಾರೆ. ಯಲವಿಗಿ ಸರ್ ಹೆಸರಿನಲ್ಲಿ, ಅವರು ಹೇಳಿದ್ದರ ಉಲ್ಟಾ!

ಮನೆಯ ಬಳಿ ಫೋನ್ ಹತ್ತಲಿಲ್ಲ. ನಾನು ಸೀರೆ ಎತ್ತಿ ಹಿಡಿದು ಊರ ಹೊರಗಿನ ಹೊಲದ ಬದುವಿಗೆ ಓಡಿದೆ. ಅಲ್ಲಿ ನಿಂತು ಅಚ್ಚುಕೂಟದ ಮಾಲೀಕರಿಗೆ ಫೋನ್ ಹಚ್ಚಿದೆ.

"ಮಷೀನ್ ಹಚ್ಚಬ್ಯಾಡ್ರಿ!"

"ಅಕ್ಕಾರ, ಪ್ಲೇಟ್ ಎಲ್ಲಾ ರೆಡಿ ಆಗ್ಯಾವ್ರಿ. ಈಗೇನ ಆತು?"

"ಗೂಟ ತಲಿಕೆಳಗಾಗ್ಯಾವ್ರಿ."

"ಎಲ್ಲೆ? ನನಗೇನೂ ಕಾಣವಲ್ಲದು. ಅಕ್ಷರದ ಕೆಳಗ ಏನೋ ಧೂಳ ಕುಂತಂಗ ಐತಿ. ಅದನ್ನೇನ ಯಾರು ನೋಡ್ತಾರ ಬಿಡ್ರಿ."

"ಆ ಧೂಳಿನ ಸಲುವಾಗೇ ಪುಸ್ತಕ ಮಾಡೇವ್ರಿ! ತಪ್ಪು ನಿಮ್ಮದಲ್ಲ, ನಂದು. ನಾಳಿಗೆ ಹೊಸಾ ಫೈಲ್ ಕೊಡ್ತೇನಿ, ದಯಮಾಡಿ ನಿಲ್ಲಸ್ರಿ."

"ಆತ್ರಿ, ನಿಲ್ಲಸ್ತೇನಿ. ಇಷ್ಟ ಧ್ವನಿ ಎತ್ತಿ ನೀವು ಮಾತಾಡಿದ್ದು ನಾ ಕೇಳೇ ಇಲ್ಲ" ಎಂದರು.

ವಿಭಾಗಕ್ಕೆ ಮರಳಿದವಳೇ ಕಂಪ್ಯೂಟರಿನ ಮುಂದೆ ಕೂತೆ. ಏರುಗೂಟಗಳನ್ನೆಲ್ಲ ಇಳಿಗೂಟ ಮಾಡಲು ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ರೇಷ್ಮಾ ಕೈ ಹಿಡಿದು ತಡೆದಳು. "ಮೇಡಂ! ಒತ್ತಿದ್ರೆ ಎಲ್ಲಾ ಇಳಿಗೂಟ ಆಗ್ತಾವು. ಆಮೇಲೆ ಯಾವುದನ್ನ ಏರುಗೂಟ ಮಾಡ್ತೀರಿ?" ಬೆರಳು ಹಿಂದಕ್ಕೆ ತೆಗೆದೆ. ಎರಡು ಪಾತ್ರೆಗಳಲ್ಲಿರುವ ಹಾಲು ಮಜ್ಜಿಗೆಯನ್ನು ಅದಲು ಬದಲು ಮಾಡಲು ಮೂರನೆಯ ಖಾಲಿ ಪಾತ್ರೆ ಬೇಕೇ ಬೇಕು. ಮೊದಲು ಏರುಗೂಟಗಳನ್ನು ನಿಘಂಟಿನಲ್ಲಿ ಎಲ್ಲಿಯೂ ಇಲ್ಲದ ಒಂದು ನಕ್ಷತ್ರ ಚಿಹ್ನೆಗೆ ಬದಲಿಸಿದೆವು. ಆಮೇಲೆ ಇಳಿಗೂಟಗಳನ್ನು ಏರುಗೂಟ ಮಾಡಿದೆವು. ಕೊನೆಗೆ ನಕ್ಷತ್ರಗಳನ್ನು ಇಳಿಗೂಟ ಮಾಡಿದೆವು. ಕೆಲಸ ಒಂದು ನಿಮಿಷದ್ದು. ಮುಗಿದ ಮೇಲೆ ರೇಷ್ಮಾ ಆ ಜೋಡಿಗಳಲ್ಲಿ ಒಂದೊಂದನ್ನೂ ಗಟ್ಟಿಯಾಗಿ ಓದಿದಳು, ನಾನು ಅವಳ ಗದ್ದ ನೋಡಿದೆ. ಆ ದಿನ ಅವಳು ಊಟ ಮರೆತಳು, ನಾನೂ ಮರೆತೆ.

ಪುಸ್ತಕ ಬಂದದ್ದು ನನ್ನ ನಿವೃತ್ತಿಯ ತಿಂಗಳಲ್ಲಿ. ನನ್ನ ಜಾಗಕ್ಕೆ ದೀಪಾ ಎಂಬ ಹುಡುಗಿ ಬಂದಿದ್ದಳು. ಚಾಮರಾಜನಗರದವಳು, ಧಾರವಾಡಕ್ಕೆ ಬಂದು ಒಂದು ತಿಂಗಳೂ ಆಗಿರಲಿಲ್ಲ, ನಮ್ಮ ಮಾತು ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ನಾನು ಅವಳಿಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಗುರುತು ನೋಡಿ ಬಾಯಿ ಆಡಿಸುವುದನ್ನು. ಗೀಟಿಗೆ ಎಳೆ, ಚುಕ್ಕೆಗೆ ಮಡಚು, ಗೂಟ ನೋಡಿ ಗದ್ದ ಇಳಿಸು. ನೀಲವ್ವನಿಗೆ ಪುಸ್ತಕ ಕೊಡಲು ಸುಳ್ಳಕ್ಕೆ ಹೊರಟಾಗ ಅವಳನ್ನೂ ಕರೆದುಕೊಂಡು ಹೋದೆ.

ನೀಲವ್ವ ಒಳಗೆ ಹಾಸಿಗೆಯಲ್ಲಿದ್ದಳು. ಪುಸ್ತಕವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಇಷ್ಟ ಮಾತಾಡೇನೇನ ನಾ?" ಎಂದಳು. ನಾನು ದೀಪಾಳಿಗೆ ಕಣ್ಸನ್ನೆ ಮಾಡಿದೆ. ಅವಳು ಒಂದು ಪುಟ ತೆಗೆದು, ಪದದ ಕೆಳಗೆ ಉದಾಹರಣೆಗೆಂದು ಕೊಟ್ಟಿದ್ದ ನೀಲವ್ವನದೇ ಹಳೆಯ ಮಾತುಗಳನ್ನು ಗುರುತಿನ ಮೇಲೆ ಬೆರಳಿಟ್ಟುಕೊಂಡು ನಿಧಾನವಾಗಿ ಓದತೊಡಗಿದಳು. ಮಳೆಗೆ ಮೊದಲು ಎರಿಹೊಲ ಹೇಗೆ ಬಿರಿಯುತ್ತದೆ ಎಂಬ ಮಾತು. ಹೊಸ ಸೊಸೆಗೆ ಕುಂಟೆ ಹೊಡೆಯುವುದನ್ನು ಕಲಿಸಿದ ಮಾತು.

ನೀಲವ್ವ ತಲೆಯೆತ್ತಿದಳು. ಧ್ವನಿ ಬಂದ ಕಡೆ ಮುಖ ತಿರುಗಿಸಿದಳು.

"ಯಾರ ಮನ್ಯಾಕಿ ನೀ? ನಮ್ಮ ಓಣ್ಯಾಗಿನಾಕಿ ಏನ?"

ದೀಪಾ ಗಾಬರಿಯಾಗಿ ನನ್ನ ಮುಖ ನೋಡಿದಳು. "ಇಲ್ಲ ಕಣಜ್ಜಿ, ನಾನು ಚಾಮರಾಜನಗರದವಳು."

"ಎಲ್ಲೈತಿ ಅದು?"

"ಬಹಳ ದೂರ. ಮೈಸೂರಿನ ಆಚೆ."

"ಮತ್ತ ನನ್ನ ಮಾತು ನಿನ್ನ ಬಾಯಾಗ ಹೆಂಗ ಬಂತು?"

ನೀಲವ್ವ ಸರಿದು ಹಾಸಿಗೆಯಲ್ಲಿ ಜಾಗ ಮಾಡಿದಳು, ದೀಪಾಳ ಕೈ ಹುಡುಕಿ ಹಿಡಿದು ತನ್ನ ಪಕ್ಕಕ್ಕೆ ಕೂರಿಸಿಕೊಂಡಳು.

"ಇರಲಿ ಬಿಡು. ಇನ್ನೊಂದ ಓದು" ಎಂದಳು.